ಚಳಿಯಲ್ಲಿ ಡೀಸೆಲ್ ಟ್ರಕ್ ಸ್ಟಾರ್ಟ್ ಆಗಲು ಸತಾಯಿಸಿದರೆ ಎಲ್ಲಿಂದ ಹುಡುಕಬೇಕು?

"ಮಧ್ಯಾಹ್ನ ಒಂದೇ ಸೆಲ್ಫ್‌ಗೆ ಹಿಡಿಯುತ್ತದೆ. ಬೆಳಿಗ್ಗೆ ಮಾತ್ರ ಐದಾರು ಸಲ ಹೊಡೆದರೂ ಆಗಲ್ಲ. ಏನು ಬದಲಿಸಲಿ?" ಚಳಿ ಶುರುವಾದ ಕೂಡಲೇ ಈ ಪ್ರಶ್ನೆಯೂ ಶುರುವಾಗುತ್ತದೆ. ಕೇಳುವ ಹೊತ್ತಿಗೆ ಹೆಚ್ಚಿನವರು ಒಂದು ಬ್ಯಾಟರಿಯನ್ನೋ ಸ್ಟಾರ್ಟರ್ ಮೋಟರನ್ನೋ ಆಗಲೇ ಬದಲಿಸಿರುತ್ತಾರೆ. ಆದರೂ ಕಾಯಿಲೆ ಹೋಗಿರುವುದಿಲ್ಲ.

ಈ ದೋಷ ಹಿಡಿಯುವುದು ಕಷ್ಟವೇನಲ್ಲ. ತೊಂದರೆ ಬೇರೆ ಕಡೆ ಇದೆ. ಅದು ದಿನಕ್ಕೆ ಒಂದೇ ಸಲ, ಕೆಲವೇ ನಿಮಿಷ ಮುಖ ತೋರಿಸುತ್ತದೆ. ಎಂಜಿನ್ ಒಮ್ಮೆ ಹೊತ್ತಿಕೊಂಡು ಬಿಸಿಯಾದರೆ ಸುಳಿವೆಲ್ಲ ಅಳಿಸಿಹೋಗುತ್ತದೆ. ಆಮೇಲೆ ನಾಳೆ ಬೆಳಗಿನವರೆಗೆ ಕಾಯಬೇಕು. ಆದ್ದರಿಂದ ಬೆಳಿಗ್ಗೆ ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂದು ಹಿಂದಿನ ರಾತ್ರಿಯೇ ತಯಾರಿ ಮಾಡಿಕೊಳ್ಳಿ.

ಚಳಿಗೂ ಡೀಸೆಲ್‌ಗೂ ಏನು ಜಗಳ?

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ 15ರಿಂದ 20ನೇ ಒಂದು ಭಾಗದಷ್ಟು ಜಾಗಕ್ಕೆ ತುರುಕುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಕೆಳಗಿನ ತುದಿ ಬಿಸಿಯಾಗುತ್ತದಲ್ವಾ, ಇಲ್ಲಿಯೂ ಅದೇ ನಡೆಯುತ್ತದೆ. ಆದರೆ ಇಲ್ಲಿ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಸಿಂಪಡಿಸಿದಾಗ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಹಾಗಾಗಿ ಎಂಜಿನ್‌ಗೆ ಬೇಕಾದದ್ದು ನಾಲ್ಕು: ಸಾಕಷ್ಟು ವೇಗದ ತಿರುಗುವಿಕೆ, ಬಿಸಿ, ಸರಿಯಾಗಿ ಬರುವ ಡೀಸೆಲ್, ಸೋರದ ಕಂಪ್ರೆಷನ್. ಚಳಿ ನಾಲ್ಕಕ್ಕೂ ಕೈ ಹಾಕುತ್ತದೆ. ಬ್ಯಾಟರಿಯ ಕಸುವು ಇಳಿಯುತ್ತದೆ. ಆಯಿಲ್ ಮಂದವಾಗಿ ಎಂಜಿನ್ ತಿರುಗುವುದು ನಿಧಾನವಾಗುತ್ತದೆ. ತಣ್ಣಗಿನ ಲೋಹ ಗಾಳಿಯ ಬಿಸಿಯನ್ನು ಹೀರಿಬಿಡುತ್ತದೆ. ಡೀಸೆಲ್‌ನಲ್ಲಿ ಮೇಣ ಕಟ್ಟುತ್ತದೆ. ಬೇಸಿಗೆಯಲ್ಲಿ ನಾಲ್ಕೂ ಅಷ್ಟಷ್ಟು ಬಡವಾಗಿದ್ದರೂ ಗಾಡಿ ನಡೆಯುತ್ತದೆ, ಚಳಿಯಲ್ಲಿ ಆ ಬಡತನ ಎದ್ದು ಕಾಣುತ್ತದೆ. ಒಂದೇ ಅಪರಾಧಿಯನ್ನು ಹುಡುಕಬೇಡಿ. ಎಷ್ಟೋ ಸಲ ಎರಡು ಸೇರಿಕೊಂಡಿರುತ್ತವೆ.

ಏನೇನು ಬೇಕು?

ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ವೈರ್ ಬ್ರಷ್, ಸ್ಪ್ಯಾನರ್ ಸೆಟ್, ಡೀಸೆಲ್ ಪೈಪಿನ ಅಳತೆಯ ಪಾರದರ್ಶಕ ಹೋಸ್ ಒಂದು ತುಂಡು, ಕ್ಲಿಪ್‌ಗಳು, ಒಂದು ಗಾಜಿನ ಬಾಟಲಿ. ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ತುಂಬ ಒಳ್ಳೆಯದು. ಕಂಪ್ಯೂಟರ್ ಇರುವ ಗಾಡಿಯಾದರೆ ಸ್ಕ್ಯಾನರ್ ಬೇಕು. ಕೋಡ್ ಓದಿದರೆ ಸಾಲದು, ಓಡುವ ಅಂಕಿ ತೋರಿಸುವಂಥದ್ದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಕೀ ತಿರುಗಿಸಲು ಇನ್ನೊಬ್ಬರು ಬೇಕು. ಒಬ್ಬರೇ ಸೀಟಿನಲ್ಲಿ ಕೂತು ಸೈಲೆನ್ಸರ್ ಹೊಗೆ ನೋಡಲು ಆಗುವುದಿಲ್ಲ.

ಮುಟ್ಟುವ ಮುನ್ನ ನಾಲ್ಕು ಎಚ್ಚರಿಕೆ

ಈಥರ್ ಸ್ಪ್ರೇ, ಅಂದರೆ ಸ್ಟಾರ್ಟಿಂಗ್ ಸ್ಪ್ರೇ: ಹೀಟರ್ ಪ್ಲಗ್ (ಸಿಲಿಂಡರ್ ಕಾಯಿಸುವಂಥದ್ದು) ಅಥವಾ ಏರ್ ಹೀಟರ್ (ಒಳಬರುವ ಗಾಳಿ ಕಾಯಿಸುವಂಥದ್ದು) ಇರುವ ಎಂಜಿನ್‌ಗೆ ಇದನ್ನು ಹೊಡೆಯಲೇಬೇಡಿ. ಕೆಂಪಗೆ ಕಾದ ತಂತಿಗೆ ತಾಗಿದರೆ ಇನ್‌ಟೇಕ್‌ನಲ್ಲೇ ಸಿಡಿಯಬಹುದು. ಸಿಲಿಂಡರ್ ಒಳಗೆ ಹೊತ್ತಿಲ್ಲದ ಹೊತ್ತಿನಲ್ಲಿ ಸಿಡಿದರೆ ರಿಂಗ್ ಮುರಿಯುತ್ತದೆ, ಪಿಸ್ಟನ್ ಒಡೆಯುತ್ತದೆ. "ಒಂದೇ ಒಂದು ಸಲ" ಎನ್ನುವವರ ಮಾತು ಕೇಳಬೇಡಿ.

ಡೀಸೆಲ್ ಟ್ಯಾಂಕ್ ಅಥವಾ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಬೆಂಕಿ ಹಾಕಬೇಡಿ. ಯಾಕೆ ಎಂದು ವಿವರಿಸಬೇಕಿಲ್ಲ, ಆದರೂ ಈಗಲೂ ಮಾಡುವವರಿದ್ದಾರೆ.

ಕಾಮನ್ ರೈಲ್ ಎಂಜಿನ್‌ನಲ್ಲಿ ಹೈ ಪ್ರೆಷರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯಬೇಡಿ. ಹಳೆಯ ಪಂಪ್ ಎಂಜಿನ್‌ಗಳಲ್ಲಿ ಏರ್ ತೆಗೆಯಲು ಹಾಗೆ ಮಾಡುತ್ತಿದ್ದರು. ಕಾಮನ್ ರೈಲ್ ಎಂದರೆ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಎಲ್ಲ ಇಂಜೆಕ್ಟರ್‌ಗಳಿಗೂ ಸೇರಿ ಒಂದೇ ಪೈಪಿನಲ್ಲಿ ಡೀಸೆಲನ್ನು ಭಾರಿ ಒತ್ತಡದಲ್ಲಿ ತುಂಬಿಟ್ಟುಕೊಳ್ಳುವ ವ್ಯವಸ್ಥೆ. ಎಂಜಿನ್ ಓಡುವಾಗ ಅಲ್ಲಿ 1,600 ಬಾರ್ ಮೀರುವುದೂ ಸಾಮಾನ್ಯ. ಸ್ಟಾರ್ಟ್ ಮಾಡುವಾಗಿನ ಒತ್ತಡವೇ ಚರ್ಮ ತೂರಿ ಒಳಗೆ ಹೋಗಲು ಸಾಕು.

ಬ್ಯಾಟರಿ ಹೆಪ್ಪುಗಟ್ಟಿದ್ದರೆ ಅದಕ್ಕೆ ಜಂಪ್, ಅಂದರೆ ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್, ಕೊಡಬೇಡಿ, ಚಾರ್ಜ್ ಹಾಕಬೇಡಿ. ಒಡೆದು ಆಸಿಡ್ ಚಿಮ್ಮಬಹುದು. ಪೂರ್ತಿ ಇಳಿದ ಬ್ಯಾಟರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವಷ್ಟರಲ್ಲಿ ಹೆಪ್ಪುಗಟ್ಟಬಹುದು. ಪೂರ್ತಿ ಚಾರ್ಜ್ ಆಗಿರುವುದಕ್ಕೆ ಆ ಭಯವಿಲ್ಲ. 12 ವೋಲ್ಟ್ ಗಾಡಿಗೆ 24 ವೋಲ್ಟ್ ಗಾಡಿಯಿಂದ ಜಂಪ್ ಕೊಡುವುದಂತೂ ಬೇಡವೇ ಬೇಡ.

1. ಮೊದಲ ಸೆಲ್ಫ್‌ನಲ್ಲಿ ಹೊಗೆ ನೋಡಿ

ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಕೀ ಹಾಕಿ, ಹೀಟರ್ ದೀಪ ಆರುವವರೆಗೆ ಕಾಯಿರಿ. ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲು ಹೇಳಿ. ಕ್ಲಚ್ ಯಾಕೆಂದರೆ, ಒತ್ತದಿದ್ದರೆ ಗೇರ್‌ಬಾಕ್ಸಿನ ಮಂದವಾದ ಆಯಿಲನ್ನೂ ಸ್ಟಾರ್ಟರೇ ಕಲಕಬೇಕಾಗುತ್ತದೆ. ನೀವು ಸೈಲೆನ್ಸರ್ ಹತ್ತಿರ ನಿಲ್ಲಿ.

ಎಂಜಿನ್ ಜೋರಾಗಿ ತಿರುಗುತ್ತಿದೆ, ಬೆಳ್ಳಗಿನ ಹೊಗೆ ಬರುತ್ತಿದೆ, ಹಸಿ ಡೀಸೆಲ್ ವಾಸನೆ, ಕಣ್ಣು ಉರಿ. ಹಾಗಾದರೆ ಡೀಸೆಲ್ ಸಿಲಿಂಡರ್‌ಗೆ ಹೋಗುತ್ತಿದೆ, ಹೊತ್ತುತ್ತಿಲ್ಲ. ಬಿಸಿ ಸಾಲದು ಅಥವಾ ಕಂಪ್ರೆಷನ್ ಸಾಲದು. ನೇರವಾಗಿ 3ನೇ ಹಂತಕ್ಕೆ ಹೋಗಿ.

ಜೋರಾಗಿ ತಿರುಗುತ್ತಿದೆ, ಹೊಗೆಯೇ ಇಲ್ಲ. ಡೀಸೆಲ್ ಒಳಗೆ ಬರುತ್ತಿಲ್ಲ. 4ನೇ ಹಂತ ನೋಡಿ.

ತಿರುಗುವುದೇ ಎಳೆದೆಳೆದು, ಬೇಸಿಗೆಯ ಸದ್ದಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಮುಂದಿನ ಹಂತದಿಂದಲೇ ಶುರು ಮಾಡಿ. ತಿರುಗುವಿಕೆ ಸರಿಯಾಗುವವರೆಗೆ ಉಳಿದ ಯಾವ ಪರೀಕ್ಷೆಯನ್ನೂ ನಂಬಬೇಡಿ.

ಬಿಳಿ ಹೊಗೆ ಸ್ಟಾರ್ಟ್ ಆದ ಮೇಲೂ ನಿಲ್ಲದೆ, ಸಿಹಿ ಸಿಹಿ ವಾಸನೆ ಬಂದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಅದು ಬೇರೆ ಕಥೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ) ಕಡೆ ಅನುಮಾನ ಪಡಿ.

ಒಂದು ಸಲಕ್ಕೆ 30 ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಎರಡು ನಿಮಿಷ ಬಿಡುವು ಕೊಡಿ. ಇಲ್ಲದಿದ್ದರೆ ಸ್ಟಾರ್ಟರ್ ಸುಟ್ಟು, ಒಂದಿದ್ದ ರಿಪೇರಿ ಎರಡಾಗುತ್ತದೆ.

2. ಬ್ಯಾಟರಿ, ಕೇಬಲ್, ಆಯಿಲ್

ಲೆಡ್ ಆಸಿಡ್ ಬ್ಯಾಟರಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋದಾಗ ತನ್ನ ಮಾಮೂಲಿ ಕಸುವಿನ ಸುಮಾರು ಅರ್ಧವನ್ನಷ್ಟೇ ಕೊಡುತ್ತದೆ. ಎಂಜಿನ್ ಜಾಸ್ತಿ ಶಕ್ತಿ ಕೇಳುವುದೂ ಆಗಲೇ.

ಬೆಳಿಗ್ಗೆ ಕೀ ಹಾಕುವ ಮುನ್ನ ಬ್ಯಾಟರಿ ವೋಲ್ಟೇಜ್ ಅಳೆಯಿರಿ. 12.6 ಇದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು. 12.2 ಎಂದರೆ ಅರ್ಧ. ಅರ್ಧ ಇಳಿದ ಬ್ಯಾಟರಿಯಿಂದ ಚಳಿಯಲ್ಲಿ ಡೀಸೆಲ್ ಎಂಜಿನ್ ಎಬ್ಬಿಸುವ ಆಸೆ ಬಿಡಿ. ಮೊದಲು ಚಾರ್ಜ್ ಮಾಡಿ, ಆಮೇಲೆ ಉಳಿದ ಮಾತು. 24 ವೋಲ್ಟ್ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಒಂದು 12.7, ಇನ್ನೊಂದು 12.0 ಇದ್ದರೆ ಒಟ್ಟು 24.7 ತೋರಿಸಿ ಮೋಸ ಮಾಡುತ್ತದೆ.

ಆಮೇಲೆ ಸೆಲ್ಫ್ ಹೊಡೆಯುವಾಗ ಅಳೆಯಿರಿ. 12 ವೋಲ್ಟ್ ಗಾಡಿಯಲ್ಲಿ 9.6ಕ್ಕಿಂತ, 24 ವೋಲ್ಟ್ ಗಾಡಿಯಲ್ಲಿ ಸುಮಾರು 19ಕ್ಕಿಂತ ಕೆಳಗೆ ಕುಸಿಯಬಾರದು. ಕೊರೆಯುವ ಚಳಿಯಲ್ಲಿ ಸ್ವಲ್ಪ ಇನ್ನೂ ಇಳಿದರೆ ಒಪ್ಪಬಹುದು. ಕೀ ಹಾಕುವ ಮುನ್ನ 12.6 ಇದ್ದು ಸೆಲ್ಫ್‌ಗೆ 8ಕ್ಕೆ ಬಿದ್ದರೆ ಬ್ಯಾಟರಿ ಒಳಗೇ ಸತ್ತಿದೆ, ಇಲ್ಲವೇ ಸ್ಟಾರ್ಟರ್ ಅತಿಯಾಗಿ ಎಳೆಯುತ್ತಿದೆ.

ವೋಲ್ಟೇಜ್ ಚೆನ್ನಾಗಿಯೇ ನಿಂತಿದ್ದು ಎಂಜಿನ್ ಮಾತ್ರ ನಿಧಾನವಾಗಿ ತಿರುಗಿದರೆ ಕೇಬಲ್ ಕಡೆ ತಿರುಗಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೇ ಒತ್ತಿ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೆ. ಇನ್ನೊಂದನ್ನು ಸ್ಟಾರ್ಟರ್‌ನ ದಪ್ಪ ಬೋಲ್ಟಿಗೆ ಇಡಿ. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ವಿದ್ಯುತ್ ಸೋತು ಹೋಗುತ್ತಿದೆ. ಹೀಗೆಯೇ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೂ ಅಳೆಯಿರಿ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಟರ್ಮಿನಲ್ ಬಿಚ್ಚಿ ಬ್ರಷ್‌ನಿಂದ ಉಜ್ಜಿ ಬಿಗಿಯಿರಿ. ಬರೀ ಮೇಲಿನ ಬಿಳಿ ಪುಡಿ ಒರೆಸಿದರೆ ಸಾಲದು.

ಡೀಸೆಲ್ ಎಂಜಿನ್ ಹೊತ್ತಿಕೊಳ್ಳಲು ನಿಮಿಷಕ್ಕೆ ಕನಿಷ್ಠ 100ರಿಂದ 150 ಸುತ್ತು ತಿರುಗಬೇಕು. ಸ್ಕ್ಯಾನರ್ ಇದ್ದರೆ ಈ ಅಂಕಿ ಅಲ್ಲೇ ಕಾಣುತ್ತದೆ. ಎಂಜಿನ್ ತಿರುಗುತ್ತಿದ್ದರೂ ಅಲ್ಲಿ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಹೋಗಿದೆ ಎಂದು ಅನುಮಾನಿಸಿ. ಎಂಜಿನ್ ತಿರುಗುತ್ತಿದೆ ಎಂದು ಗೊತ್ತಾಗದೆ ಕಂಪ್ಯೂಟರ್ ಡೀಸೆಲ್ ಬಿಡುವುದಿಲ್ಲ.

ಆಯಿಲ್ ವಿಷಯ ಚಿಕ್ಕದು. ಡಬ್ಬದ ಮೇಲೆ 15ಡಬ್ಲ್ಯೂ-40 ಎಂದಿದ್ದರೆ ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು. ಅದು ಸಣ್ಣದಾದಷ್ಟೂ ಚಳಿಯಲ್ಲಿ ತೆಳ್ಳಗಿರುತ್ತದೆ. ತಣ್ಣಗಿನ ಎಂಜಿನ್ ತಿರುಗಿಸುವ ಗುಣವನ್ನು 15ಡಬ್ಲ್ಯೂ ಆಯಿಲ್‌ಗೆ ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 10ಡಬ್ಲ್ಯೂಗೆ ಮೈನಸ್ 25, 5ಡಬ್ಲ್ಯೂಗೆ ಮೈನಸ್ 30. ನಿಮ್ಮ ಕಡೆ ಅಷ್ಟು ಚಳಿ ಬಿದ್ದರೆ ಗಾಡಿಯ ಕೈಪಿಡಿ ಒಪ್ಪುವ ತೆಳು ಆಯಿಲ್‌ಗೆ ಬದಲಿಸಿ. ಹಿಮವೇ ಬೀಳದ ಊರಾದರೆ ಆಯಿಲ್ ಮೇಲೆ ತಪ್ಪು ಹೊರಿಸಬೇಡಿ.

3. ಹೀಟರ್ ಕೆಲಸ ಮಾಡುತ್ತಿದೆಯೇ?

ಸಣ್ಣ ಟ್ರಕ್ ಮತ್ತು ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಂಡರಿಗೊಂದು ಗ್ಲೋ ಪ್ಲಗ್ ಇರುತ್ತದೆ. ಹೀಟರ್ ಪ್ಲಗ್ ಎಂದು ಕರೆಯುವುದು ಇದನ್ನೇ. ದೊಡ್ಡ ಎಂಜಿನ್‌ಗಳಲ್ಲಿ ಹೆಚ್ಚಾಗಿ ಇನ್‌ಟೇಕ್ ಬಾಯಲ್ಲಿ ಒಂದು ದೊಡ್ಡ ಏರ್ ಹೀಟರ್ ಇರುತ್ತದೆ, ಒಳಗೆ ಬರುವ ಗಾಳಿಯನ್ನೇ ಕಾಯಿಸಲು.

ಡ್ಯಾಶ್‌ಬೋರ್ಡ್ ದೀಪ ಹತ್ತಿ ಆರಿತು ಎಂದರೆ ಪ್ಲಗ್ ಕಾದಿದೆ ಎಂದು ಅರ್ಥವಲ್ಲ. ಹೆಚ್ಚಿನ ಗಾಡಿಗಳಲ್ಲಿ ಅದು ಬರೀ ಗಡಿಯಾರ. ನಾಲ್ಕಕ್ಕೆ ಮೂರು ಪ್ಲಗ್ ಸತ್ತಿದ್ದರೂ ದೀಪ ತನ್ನ ಪಾಡಿಗೆ ಹತ್ತಿ ಆರುತ್ತದೆ. ಈ ದೀಪವನ್ನು ನಂಬಿ ಕೆಟ್ಟವರು ಬಹಳ.

ಮೊದಲು ಪ್ಲಗ್‌ಗಳಿಗೆ ಕರೆಂಟ್ ಬರುತ್ತಿದೆಯೇ ನೋಡಿ. ತಣ್ಣಗಿನ ಎಂಜಿನ್, ಕೀ ಆನ್, ಮೀಟರನ್ನು ಪ್ಲಗ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗೂ ಎಂಜಿನ್ ಮೈಗೂ ಹಿಡಿಯಿರಿ. ಏನೂ ಬರದಿದ್ದರೆ ದೊಡ್ಡ ಫ್ಯೂಸ್, ರಿಲೇ, ವೈರ್ ಪರೀಕ್ಷಿಸಿ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. 'ಟಕ್' ಎಂದು ಸದ್ದು ಬಂದರೂ ಒಳಗಿನ ಸಂಪರ್ಕ ಸುಟ್ಟಿರಬಹುದು. ಅದಕ್ಕೆ ಎರಡೂ ಬದಿ ಅಳೆಯಿರಿ.

ಕರೆಂಟ್ ಬರುತ್ತಿದ್ದರೆ ಪ್ಲಗ್‌ಗಳದ್ದೇ ಸರದಿ. ಕೀ ಆಫ್ ಮಾಡಿ, ವೈರ್ ಅಥವಾ ಪಟ್ಟಿ ಬಿಚ್ಚಿ, ಪ್ರತಿ ಪ್ಲಗ್‌ನ ತಲೆಗೂ ಎಂಜಿನ್‌ಗೂ ನಡುವೆ ಓಮ್ ಅಳೆಯಿರಿ. ಚೆನ್ನಾಗಿರುವ ಪ್ಲಗ್ ಹೆಚ್ಚಾಗಿ 2 ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಎಲ್ಲ ಪ್ಲಗ್‌ಗಳೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೀಟರ್ ಅಲುಗಾಡಲೇ ಇಲ್ಲವೆಂದರೆ ಆ ಪ್ಲಗ್ ಸತ್ತಿದೆ. ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಪಕ್ಕಾ ಉತ್ತರ ಸಿಗುತ್ತದೆ. ಪಟ್ಟಿಯ ಬದಲು ಒಂದೊಂದು ಪ್ಲಗ್‌ಗೂ ಬೇರೆ ಬೇರೆ ವೈರ್ ಇದ್ದರೆ, ಕೀ ಆನ್ ಇರುವಾಗ ಯಾವುದು ಉಳಿದವಕ್ಕಿಂತ ಕಡಿಮೆ ಎಳೆಯುತ್ತಿದೆ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ಲಗ್ ತೆಗೆದು ನೇರವಾಗಿ ಬ್ಯಾಟರಿಗೆ ಕೊಟ್ಟು ಕೆಂಪಗಾಗುತ್ತದೆಯೇ ಎಂದು ನೋಡುವ ಹಳೆಯ ಅಭ್ಯಾಸವಿದೆ. ಹೊಸ ಗಾಡಿಗಳಲ್ಲಿ ಇದನ್ನು ಮಾಡಬೇಡಿ. ಎಷ್ಟೋ ಪ್ಲಗ್‌ಗಳು 5 ಅಥವಾ 7 ವೋಲ್ಟ್‌ಗೆ ಮಾಡಿದಂಥವು. 12 ಕೊಟ್ಟರೆ ನಿಮ್ಮ ಕಣ್ಣೆದುರೇ ಸುಟ್ಟುಹೋಗುತ್ತವೆ. ಪ್ಲಗ್ ಬಿಚ್ಚುವುದಿದ್ದರೆ ಎಂಜಿನ್ ಬಿಸಿ ಇರುವಾಗ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ನಿಧಾನವಾಗಿ ಹಿಂದೆ ಮುಂದೆ ತಿರುಗಿಸಿ ತೆಗೆಯಿರಿ. ಬಲ ಹಾಕಿದರೆ ಅರ್ಧಕ್ಕೆ ಮುರಿದು ಹೆಡ್‌ನಲ್ಲೇ ಉಳಿಯುತ್ತದೆ. ಮುರಿದ ತುಂಡನ್ನು ತೆಗೆಯಲು ಹೆಡ್ ಬಿಚ್ಚುವ ಪರಿಸ್ಥಿತಿ ಬರಬಹುದು.

ಏರ್ ಹೀಟರ್ ಪರೀಕ್ಷೆ ಸುಲಭ. ಅದು 100 ಆಂಪಿಯರ್ ಆಚೀಚೆ ಎಳೆಯುವ ವಸ್ತು. ಕೀ ಆನ್ ಮಾಡಿದಾಗ ಬ್ಯಾಟರಿ ವೋಲ್ಟೇಜ್ ಎದ್ದು ಕಾಣುವಂತೆ ಇಳಿಯಬೇಕು. ಇಳಿಯಲೇ ಇಲ್ಲವೆಂದರೆ ಹೀಟರ್ ಹತ್ತಿಲ್ಲ.

ಸ್ಕ್ಯಾನರ್ ಇದ್ದವರು ಇನ್ನೊಂದನ್ನು ಮರೆಯದೆ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್ (ರೇಡಿಯೇಟರ್ ನೀರು) ಬಿಸಿ, ಒಳಬರುವ ಗಾಳಿಯ ಬಿಸಿ, ಹೊರಗಿನ ಬಿಸಿ ಮೂರೂ ಹತ್ತಿರ ಹತ್ತಿರ ಒಂದೇ ಇರಬೇಕು. ಗಾಳಿ 4 ಡಿಗ್ರಿ, ಕೂಲಂಟ್ ಮಾತ್ರ 60 ಡಿಗ್ರಿ ಎಂದು ತೋರಿಸಿದರೆ ಕೂಲಂಟ್ ಸೆನ್ಸರ್ ಸುಳ್ಳು ಹೇಳುತ್ತಿದೆ. ಎಂಜಿನ್ ಬಿಸಿಯಾಗಿದೆ ಎಂದು ನಂಬಿದ ಕಂಪ್ಯೂಟರ್ ಹೀಟರ್ ಹಾಕುವುದೇ ಇಲ್ಲ. ಪ್ಲಗ್‌ಗಳೆಲ್ಲ ಹೊಸದಿದ್ದೂ ತೊಂದರೆ ಹೋಗದ ಗಾಡಿಗಳಲ್ಲಿ ಇದು ಸಿಗುವುದುಂಟು. ಸೆನ್ಸರ್ ಎಂಜಿನ್ ಬಿಸಿಯಾದಾಗ ಸರಿಯಾದ ಅಂಕಿಗೆ ಹತ್ತಿರವೇ ಇರುವುದರಿಂದ ಮಧ್ಯಾಹ್ನ ನೋಡಿದರೆ ಏನೂ ಗೊತ್ತಾಗುವುದಿಲ್ಲ.

4. ಡೀಸೆಲ್ ಬರುತ್ತಿದೆಯೇ? ಎಂಥ ಡೀಸೆಲ್?

ಇಲ್ಲಿ ಮೂರು ಶತ್ರುಗಳು: ಮೇಣ, ನೀರು, ಗಾಳಿ.

ಡೀಸೆಲ್‌ನಲ್ಲಿ ಮೇಣದ ಅಂಶ ಸಹಜವಾಗಿಯೇ ಇರುತ್ತದೆ. ಚಳಿ ಜಾಸ್ತಿಯಾದಾಗ ಅದು ಸಣ್ಣ ಹರಳುಗಳಾಗಿ ಡೀಸೆಲ್ ಮಸುಕಾಗುತ್ತದೆ. ಮಸುಕಾಗುವ ಆ ಬಿಸಿಮಟ್ಟಕ್ಕೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಇನ್ನೂ ಕೆಳಗೆ ಹೋದರೆ ಹರಳುಗಳು ಫಿಲ್ಟರನ್ನು ಕಟ್ಟಿಬಿಡುತ್ತವೆ. ಅದಕ್ಕೇ ಚಳಿ ದೇಶಗಳಲ್ಲಿ ಋತುವಿಗೆ ತಕ್ಕ ಡೀಸೆಲ್ ಮಾರುತ್ತಾರೆ. ಯುರೋಪಿನ ಇಎನ್ 590 ಮಾನದಂಡದಲ್ಲಿ ಪ್ಲಸ್ 5 ಡಿಗ್ರಿಯಿಂದ ಮೈನಸ್ 20ರವರೆಗೆ ಎ ಯಿಂದ ಎಫ್‌ವರೆಗೆ ದರ್ಜೆಗಳಿವೆ. ಕಡು ಚಳಿಗೆ ಬೇರೆಯೇ ದರ್ಜೆಗಳಿವೆ. ತೊಂದರೆ ಆಗುವುದು ಸಾಮಾನ್ಯವಾಗಿ ಬೆಚ್ಚಗಿನ ಊರಲ್ಲಿ ಟ್ಯಾಂಕ್ ತುಂಬಿಸಿ ಚಳಿಯ ಊರಲ್ಲಿ ರಾತ್ರಿ ನಿಲ್ಲಿಸಿದವರಿಗೆ.

ಮೇಣದ ಗುರುತು: ಗಾಡಿ ಸ್ಟಾರ್ಟ್ ಆಗುತ್ತದೆ, ಒಂದೆರಡು ನಿಮಿಷ ಓಡಿ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಪೈಪಿನಲ್ಲಿದ್ದಷ್ಟು ಖಾಲಿಯಾಗಿ, ಫಿಲ್ಟರ್ ದಾಟಿ ಹೊಸದು ಬರಲಿಲ್ಲ. ಖಾತ್ರಿ ಮಾಡಿಕೊಳ್ಳಲು ಹಿಂದಿನ ರಾತ್ರಿಯೇ ಗಾಜಿನ ಬಾಟಲಿಯಲ್ಲಿ ಟ್ಯಾಂಕಿನ ಡೀಸೆಲ್ ಸ್ವಲ್ಪ ತೆಗೆದು ಹೊರಗಡೆ ಇಡಿ. ಬೆಳಿಗ್ಗೆ ಅದು ತಿಳಿಯಾಗಿದ್ದರೆ ಮೇಣದ ಅನುಮಾನ ಬಿಡಿ. ಮಸುಕಾಗಿದ್ದರೆ ಉತ್ತರ ಸಿಕ್ಕಿತು. ಬಾಟಲಿಯ ತಳದಲ್ಲಿ ನೀರು ನಿಂತಿದ್ದರೂ ಆಗಲೇ ಕಾಣುತ್ತದೆ.

ಮೇಣ ಕಟ್ಟಿದ ಗಾಡಿಯನ್ನು ಬೆಚ್ಚಗಿನ ಜಾಗಕ್ಕೆ ತಳ್ಳಿ, ಫಿಲ್ಟರ್ ಬದಲಿಸುವುದೇ ಮದ್ದು. ಆ್ಯಂಟಿ ಜೆಲ್ ದ್ರವಗಳನ್ನು ಡೀಸೆಲ್ ಇನ್ನೂ ತಿಳಿಯಾಗಿ ಇರುವಾಗಲೇ, ಟ್ಯಾಂಕ್ ತುಂಬಿಸುವ ಮುನ್ನ ಹಾಕಬೇಕು. ಮೇಣ ಕಟ್ಟಿದ ಮೇಲೆ ಸುರಿದರೆ ಮಾಮೂಲಿ ಆ್ಯಂಟಿ ಜೆಲ್ ಅದನ್ನು ಕರಗಿಸುವುದಿಲ್ಲ. ಪೆಟ್ರೋಲ್ ಬೆರೆಸುವ ಹಳೆಯ ಉಪಾಯವನ್ನು ಮರೆತುಬಿಡಿ. ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್‌ಗಳಿಗೆ ಜಿಡ್ಡು ಸಿಗುವುದು ಡೀಸೆಲ್‌ನಿಂದಲೇ. ಪೆಟ್ರೋಲ್ ಬಿದ್ದರೆ ಆ ಜಿಡ್ಡು ಹೋಗಿ ಸವೆಯುತ್ತವೆ. ಬೆಂಕಿಯ ಅಪಾಯ ಬೇರೆ.

ನೀರಿಗೆ ದೊಡ್ಡ ವಿವರಣೆ ಬೇಡ. ಫಿಲ್ಟರ್ ಕೆಳಗಿನ ನೀರು ತೆಗೆಯುವ ತಿರುಪನ್ನು ಸಂಜೆಯೇ, ಎಂಜಿನ್ ಬಿಸಿ ಇರುವಾಗ ಬಿಚ್ಚಿ ಹರಿಸಿ. ಬೆಳಿಗ್ಗೆ ಹೆಪ್ಪುಗಟ್ಟಿದ ಮೇಲೆ ಬಿಚ್ಚಿದರೆ ಏನೂ ಬರುವುದಿಲ್ಲ, "ನೀರಿಲ್ಲ" ಎಂದು ತಪ್ಪು ತಿಳಿಯುತ್ತೀರಿ.

ಗಾಳಿಯೇ ಕಳ್ಳ. ರಾತ್ರಿ ಎಲ್ಲೋ ಒಂದು ಸಣ್ಣ ಸಂದಿಯಲ್ಲಿ ಗಾಳಿ ಒಳಗೆ ಹೋಗುತ್ತದೆ, ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಚಳಿಗೆ ರಬ್ಬರ್ ಓ-ರಿಂಗ್‌ಗಳು ಗಡುಸಾಗಿ ಕುಗ್ಗುವುದರಿಂದ ಬೇಸಿಗೆಯಲ್ಲಿ ಕಾಣದ ಸಂದಿ ಈಗ ತೆರೆಯುತ್ತದೆ. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಕಡಿಮೆ ಒತ್ತಡದ ಪೈಪಿನ ನಡುವೆ ಪಾರದರ್ಶಕ ಹೋಸನ್ನು ಸಂಜೆ ಜೋಡಿಸಿ, ಏರ್ ತೆಗೆದು ಇಡಿ. ಬೆಳಿಗ್ಗೆ ಅದು ಖಾಲಿಯಿದ್ದರೆ ಅಥವಾ ಸೆಲ್ಫ್ ಹೊಡೆಯುವಾಗ ಗುಳ್ಳೆ ಸಾಲುಸಾಲಾಗಿ ಬಂದರೆ ಸಂದಿ ಇದೆ. ಇನ್ನೊಂದು ಸುಲಭ ಪರೀಕ್ಷೆ: ಸೆಲ್ಫ್ ಹೊಡೆಯುವ ಮುನ್ನ ಹ್ಯಾಂಡ್ ಪ್ರೈಮರ್, ಅಂದರೆ ಡೀಸೆಲ್ ತುಂಬಿಸುವ ಕೈಪಂಪ್, ಒತ್ತಿ. ಎರಡು ಮೂರು ಒತ್ತಿಗೇ ಗಟ್ಟಿಯಾದರೆ ಸರಿ. ಇಪ್ಪತ್ತು ಸಲ ಒತ್ತಿದ ಮೇಲೆ ಗಟ್ಟಿಯಾಗಿ, ಗಾಡಿ ಥಟ್ಟನೆ ಸ್ಟಾರ್ಟ್ ಆದರೆ ಗಾಳಿಯೇ ಕಾರಣ. ಮೂತಿ ತಗ್ಗಿಗೆ ಮಾಡಿ ನಿಲ್ಲಿಸಿದ ದಿನ ಚೆನ್ನಾಗಿ ಸ್ಟಾರ್ಟ್ ಆಗುತ್ತದೆಯೇ? ಅದೂ ಇದೇ ಸುಳಿವು.

ಫಿಲ್ಟರ್ ಬದಲಿಸುವಾಗ ಹೊಸದಕ್ಕೆ ಮೇಲಿಂದ ಡೀಸೆಲ್ ಸುರಿದು ಹಾಕುವ ಅಭ್ಯಾಸ ಕಾಮನ್ ರೈಲ್ ಗಾಡಿಗಳಿಗೆ ಬೇಡ. ಸೋಸದ ಡೀಸೆಲ್ ಸೋಸಿದ ಬದಿಗೆ ಬಿದ್ದು ನೇರವಾಗಿ ಇಂಜೆಕ್ಟರ್‌ಗೆ ಹೋಗುತ್ತದೆ. ಪ್ರೈಮರ್‌ನಿಂದಲೇ ತುಂಬಿಸಿ.

5. ಇಷ್ಟೆಲ್ಲ ಸರಿ ಇದ್ದರೆ

ಕಾಮನ್ ರೈಲ್ ಎಂಜಿನ್‌ನಲ್ಲಿ ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಷರ್ ನೋಡಿ. ಹೆಚ್ಚಿನ ಎಂಜಿನ್‌ಗಳಲ್ಲಿ 200ರಿಂದ 300 ಬಾರ್ ಏರದೆ ಇಂಜೆಕ್ಟರ್ ತೆರೆಯುವುದಿಲ್ಲ. ನಿಮ್ಮ ಎಂಜಿನ್‌ನ ಅಂಕಿ ಕೈಪಿಡಿಯಲ್ಲಿರುತ್ತದೆ. ಒತ್ತಡ ಏರಲು ತಡವಾದರೆ ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರ್ ಎಷ್ಟು ಡೀಸೆಲನ್ನು ಹಿಂದಕ್ಕೆ ಬಿಡುತ್ತಿದೆ ಎಂದು ಸಣ್ಣ ಕೊಳವೆಗಳಲ್ಲಿ ಹಿಡಿದು ಹೋಲಿಸುವ ಪರೀಕ್ಷೆ ಇದು. ಒಂದು ಮಾತ್ರ ಉಳಿದವಕ್ಕಿಂತ ಬಹಳ ಬಿಟ್ಟರೆ ಅದು ಸವೆದಿದೆ. ಈ ಪರೀಕ್ಷೆಗೆ ಮುಂಚೆ ಇಂಜೆಕ್ಟರ್ ಸೆಟ್ಟನ್ನೇ ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೊನೆಯದು ಕಂಪ್ರೆಷನ್. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಸಡಿಲಿಸಿ ನೋಡಿ. ಹೊಗೆ ಬುಸುಬುಸು ಹೊಡೆದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ರಿಂಗ್ ಸವೆದು ಗಾಳಿ ಕೆಳಗೆ ನುಗ್ಗುತ್ತಿದೆ. ಗೇಜ್ ಹಾಕಿ ಅಳೆಸಿದರೆ ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲಿ 25ರಿಂದ 30 ಬಾರ್ ಆಸುಪಾಸು ಬರುತ್ತದೆ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ವಾಲ್ವ್ ಸಂದು ತಪ್ಪಿದ್ದರೂ ಕಂಪ್ರೆಷನ್ ಇಳಿಯುತ್ತದೆ, ಆದ್ದರಿಂದ ಎಂಜಿನ್ ಬಿಚ್ಚುವ ಮುನ್ನ ಅದನ್ನು ಹೊಂದಿಸಿ ನೋಡಿ.

ಮೆಕ್ಯಾನಿಕ್ ಹತ್ತಿರ ಹೋಗುವುದಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಅಲ್ಲಿ ಬಿಡಿ, ಬೆಳಿಗ್ಗೆ ಮೊದಲ ಸೆಲ್ಫ್ ಹೊಡೆಯಲು ಅವರಿಗೇ ಹೇಳಿ. ಓಡಿಸಿಕೊಂಡು ಹೋದ ಬಿಸಿ ಗಾಡಿಯಲ್ಲಿ ಅವರಿಗೆ ಏನೂ ಸಿಗುವುದಿಲ್ಲ. ಅಳೆದ ವೋಲ್ಟೇಜ್, ಹೊಗೆಯ ಬಣ್ಣ, ಎಷ್ಟನೇ ಸೆಲ್ಫ್‌ಗೆ ಹಿಡಿಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.

ಜೊತೆಗೆ ಕೇಳುವ ಎರಡು ಪ್ರಶ್ನೆ

ಬ್ಲಾಕ್ ಹೀಟರ್ ಹಾಕಿಸಲೇ? ಇದು ಕರೆಂಟಿನಿಂದ ಎಂಜಿನ್‌ನ ಕೂಲಂಟನ್ನು ಬೆಚ್ಚಗಿಡುವ ಸಾಧನ. ಹಿಮ ಬೀಳುವ ಕಡೆ ಖಂಡಿತ ಒಳ್ಳೆಯದು. ಹೊರಡುವ ಎರಡರಿಂದ ನಾಲ್ಕು ಗಂಟೆ ಮುಂಚೆ ಹಾಕಿದರೆ ಸಾಕು, ರಾತ್ರಿಯಿಡೀ ಬೇಕಿಲ್ಲ. ಆದರೆ ಸತ್ತ ಹೀಟರ್ ಪ್ಲಗ್ ಮುಚ್ಚಿಡಲು ಇದನ್ನು ಬಳಸಬೇಡಿ.

ಡಿಇಎಫ್ ಹೆಪ್ಪುಗಟ್ಟಿದ್ದಕ್ಕೆ ಸ್ಟಾರ್ಟ್ ಆಗುತ್ತಿಲ್ಲವೇ? ಡಿಇಎಫ್ ಅಥವಾ ಆ್ಯಡ್‌ಬ್ಲೂ ಎಂದರೆ ಹೊಗೆ ಶುದ್ಧ ಮಾಡಲು ಸೈಲೆನ್ಸರ್ ಕಡೆ ಸಿಂಪಡಿಸುವ ಯೂರಿಯಾ ದ್ರಾವಣ. ಅದು ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದು ನಿಜ. ಆದರೆ ಅದಕ್ಕೂ ಎಂಜಿನ್ ಹೊತ್ತಿಕೊಳ್ಳುವುದಕ್ಕೂ ಸಂಬಂಧವಿಲ್ಲ. ಎಂಜಿನ್ ಸ್ಟಾರ್ಟ್ ಆದ ಮೇಲೆ ಟ್ಯಾಂಕಿನೊಳಗಿನ ಹೀಟರ್ ಅದನ್ನು ಕರಗಿಸಿಕೊಳ್ಳುತ್ತದೆ. ಹೆಪ್ಪುಗಟ್ಟದಿರಲಿ ಎಂದು ಅದಕ್ಕೆ ಏನನ್ನೂ ಬೆರೆಸಬೇಡಿ, ಬಿಸಿನೀರನ್ನಂತೂ ಸುರಿಯಲೇಬೇಡಿ.